ಸಿಸಿಟಿವಿ ಸೆನ್ಸರಿನಲ್ಲಿ ಆಂಡ್ರೊಮಿಡಾ

ನಾನು ತೆಗೆದ ಆಂಡ್ರೊಮಿಡಾ ಗೆಲಾಕ್ಸಿಯ ಫೋಟೊ ನೋಡಿದವರು ಕೇಳುವ ಮೊದಲ ಪ್ರಶ್ನೆ, "ಎಷ್ಟು ದೊಡ್ಡ ಟೆಲಿಸ್ಕೋಪು?" ಟೆಲಿಸ್ಕೋಪ್ ಇಲ್ಲ, 135 ಎಂಎಂನ ಹಳೇ ಲೆನ್ಸು ಅಂದರೆ ಎರಡನೆಯದು ಬರುತ್ತದೆ. "ಹಾಗಾದ್ರೆ ಜೂಮ್ ಎಷ್ಟು?" ಜೂಮೂ ಇಲ್ಲ ಅಂದಮೇಲೆ ಅರ್ಧ ಜನ ಇವನು ಇಂಟರ್ನೆಟ್ಟಿಂದ ಇಳಿಸಿಕೊಂಡಿದ್ದಾನೆ ಅಂತ ತೀರ್ಮಾನ ಮಾಡಿಬಿಡುತ್ತಾರೆ. ಅವರನ್ನು ಬೈಯುವ ಹಾಗಿಲ್ಲ. ಆಕಾಶದ ಫೋಟೊ ಅಂದರೆ ಗುಮ್ಮಟ, ಫಿರಂಗಿಯಂಥ ಕೊಳವೆ ಅಂತಲೇ ನಮಗೆಲ್ಲ ಶಾಲೆಯ ಪುಸ್ತಕ ತೋರಿಸಿದ್ದು.

ನನ್ನ ಕಸುಬು ಸಿಸಿಟಿವಿ ಹಾಕುವುದು. ತಿಪಟೂರು ಸುತ್ತಮುತ್ತಲ ಕೊಬ್ಬರಿ ಮಂಡಿ, ಗೋಡೌನು, ಕಲ್ಯಾಣ ಮಂಟಪ, ಪೆಟ್ರೋಲ್ ಬಂಕು, ಎಲ್ಲೆಲ್ಲಿ ಕಳ್ಳರ ಭಯವೋ ಅಲ್ಲೆಲ್ಲ ನನ್ನ ಏಣಿ ನಿಂತಿದೆ. ಮೋಡ ಇಲ್ಲದ ಅಮಾವಾಸ್ಯೆಯ ಆಸುಪಾಸಿನಲ್ಲಿ ಅದೇ ಜಾತಿಯ ಕ್ಯಾಮೆರಾವನ್ನು ಮೇಲಕ್ಕೆ ತಿರುಗಿಸಿಕೊಂಡು ಕೂರುತ್ತೇನೆ. ಮನೆಯವರು ಮೊದಮೊದಲು ಬೈದರು. ಈಗ ಫ್ಲಾಸ್ಕಿಗೆ ಕಾಫಿ ತುಂಬಿ ಕೊಟ್ಟು ಬಾಗಿಲು ಹಾಕಿಕೊಳ್ಳುತ್ತಾರೆ.

ದೂರದ್ದೆಲ್ಲ ಚಿಕ್ಕದು ಅಂತ ನಾವು ಅಂದುಕೊಂಡಿರುತ್ತೇವೆ. ಗ್ರಹಗಳ ಮಟ್ಟಿಗೆ ಅದು ಸರಿ. ಗುರು ನಮಗೆ ಹತ್ತಿರ ಬಂದಾಗಲೂ ಆಕಾಶದಲ್ಲಿ ಅವನ ಅಗಲ 50 ಆರ್ಕ್‌ಸೆಕೆಂಡ್ ಅಷ್ಟೇ (ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲು ಒಂದು ಆರ್ಕ್‌ಸೆಕೆಂಡ್). ನನ್ನ 135ರಲ್ಲಿ ಹತ್ತು ಹನ್ನೊಂದು ಪಿಕ್ಸೆಲ್ಲಿನ ಒಂದು ಚುಕ್ಕೆ. ಅವನಿಗೆ ಕೊಳವೆ ಬೇಕೇ ಬೇಕು. ಆದರೆ ಆಂಡ್ರೊಮಿಡಾ ಗೆಲಾಕ್ಸಿ, ಅಂದರೆ ಕೋಟಿಗಟ್ಟಲೆ ನಕ್ಷತ್ರಗಳ ಆ ರಾಶಿ, ಹಾಗಲ್ಲ. ಅದರ ಉದ್ದ ಸುಮಾರು 3 ಡಿಗ್ರಿ. ಹುಣ್ಣಿಮೆ ಚಂದ್ರನ ಅಗಲ ಅರ್ಧ ಡಿಗ್ರಿ. ಆರು ಚಂದ್ರರನ್ನು ಸಾಲಾಗಿ ಇಟ್ಟಷ್ಟು ಉದ್ದದ ವಸ್ತು ನಮ್ಮ ತಲೆಯ ಮೇಲೆ ಹಾದು ಹೋಗುತ್ತಿರುತ್ತದೆ, ನಾವು ನೋಡುವುದಿಲ್ಲ. ಕೃತ್ತಿಕೆಯ ಗುಂಪು ಹತ್ತಿರ ಹತ್ತಿರ 2 ಡಿಗ್ರಿ. ಆಂಡ್ರೊಮಿಡಾ ಕಾಣದೆ ಇರುವುದು ಚಿಕ್ಕದು ಅಂತಲ್ಲ, ಮಸುಕು ಅಂತ. ಮಸುಕಾದದ್ದಕ್ಕೆ ಜೂಮ್ ಬೇಡ. ಬೆಳಕು ಹಿಡಿಯುವ ಬಾಯಿ ಬೇಕು, ಜೊತೆಗೆ ಹೊತ್ತು ಬೇಕು. ದೊಡ್ಡ ಟೆಲಿಸ್ಕೋಪಿಗೆ ಆಂಡ್ರೊಮಿಡಾ ಹಿಡಿಸುವುದೇ ಇಲ್ಲ, ನಡುವಿನ ಒಂದು ತುಂಡು ಸಿಗುತ್ತದೆ.

ನಮ್ಮ ಲೈನಿನಲ್ಲಿ ಸ್ಟಾರ್‌ಲೈಟ್ ಕ್ಯಾಮೆರಾ ಅಂತ ಒಂದು ಬಗೆ ಇದೆ. ಕಣ್ಣಿಗೆ ಕಾಣದ ಐಆರ್ (ಇನ್‌ಫ್ರಾರೆಡ್) ಲೈಟ್ ಹಚ್ಚದೆ ರಾತ್ರಿಯಲ್ಲೂ ಬಣ್ಣದ ಚಿತ್ರ ಕೊಡುವಂಥದ್ದು. ಸೋನಿಯವರು ಸೆಕ್ಯುರಿಟಿ ಕ್ಯಾಮೆರಾಗಳಿಗೆಂದೇ ಸ್ಟಾರ್‌ವಿಸ್ ಅನ್ನುವ ಸೆನ್ಸರ್‌ಗಳನ್ನು ತಂದರು. ಬೀಳುವ ಬೆಳಕಿಗೆ ತಂತಿಗಳು ಅಡ್ಡ ಬರದ ಹಾಗೆ ವೈರಿಂಗನ್ನು ಚಿಪ್ಪಿನ ಹಿಂಬದಿಗೆ ಹಾಕಿದ್ದಾರೆ. ಐಎಂಎಕ್ಸ್ 290, ಐಎಂಎಕ್ಸ್ 462 ಎಲ್ಲ ಆ ಮನೆತನದವು. ಖಗೋಳ ಕ್ಯಾಮೆರಾ ಮಾಡುವ ಕಂಪನಿಗಳು ಇದೇ ಚಿಪ್ಪನ್ನು ಒಂದು ಯುಎಸ್‌ಬಿ ಡಬ್ಬಿಯಲ್ಲಿ ಕೂರಿಸಿ ಮಾರುತ್ತವೆ. ಈಗ ಎಲ್ಲರ ಬಾಯಲ್ಲಿರುವ ಸೀಸ್ಟಾರ್ ಎಸ್50 ಎಂಬ ಸ್ಮಾರ್ಟ್ ಟೆಲಿಸ್ಕೋಪಿನೊಳಗೂ ಇರುವುದು 462, ಮುಂದಿನ ಲೆನ್ಸಿನ ಅಗಲ 50 ಎಂಎಂ. ಗೇಟು ಕಾಯುವವನಿಗೆ ಹೊಲಿದ ಅಂಗಿ ನಕ್ಷತ್ರ ನೋಡುವವನಿಗೂ ಸರಿಹೋಯಿತು.

ಹಾಗಂತ ಮಂಡಿಯ ಗೋಡೆಯಿಂದ ಒಂದು ಬುಲೆಟ್ ಕ್ಯಾಮೆರಾ ಬಿಚ್ಚಿ ಮೇಲಕ್ಕೆ ತಿರುಗಿಸಿದರೆ ಆಗುವುದಿಲ್ಲ. ಅದರೊಳಗೆ 3ಡಿ ಡಿಎನ್‌ಆರ್ ಅಂತ ಒಂದು ಕೆಲಸಗಾರ ಇರುತ್ತಾನೆ. ಚಿತ್ರದಲ್ಲಿ ಮಿಣಮಿಣ ಅನ್ನುವ ಚುಕ್ಕೆಯನ್ನೆಲ್ಲ ಗಲೀಜು ಅಂತ ಒರೆಸುವುದೇ ಅವನ ಕೆಲಸ. ಮಸುಕು ನಕ್ಷತ್ರವೂ ಅವನ ಕಣ್ಣಿಗೆ ಗಲೀಜೇ. ಅವನು ಬಿಟ್ಟದ್ದನ್ನು ಡಿವಿಆರ್‌ನ ಎಚ್.265 ಕಂಪ್ರೆಷನ್ನು ನುಂಗುತ್ತದೆ. ಗಿರಾಕಿಗೆ ಹಾರ್ಡ್ ಡಿಸ್ಕಿನಲ್ಲಿ ಹೆಚ್ಚು ದಿನದ ರೆಕಾರ್ಡಿಂಗ್ ಬೇಕಲ್ಲ, ಅದಕ್ಕೆ ಅದು ಒಳ್ಳೆಯದೇ. ನಮಗೆ ಬೇಕಾದ್ದು ಸೆನ್ಸರಿನಿಂದ ಬಂದ ಹಸಿ ಲೆಕ್ಕ, 12 ಬಿಟ್‌ನಲ್ಲಿ, ಯಾರೂ ಕೈ ಹಾಕದ್ದು.

ಹಳೆ ಅನಲಾಗ್ ಕಾಲದವರು ಇದಕ್ಕೂ ದಾರಿ ಕಂಡುಕೊಂಡಿದ್ದರು. ಆಗಿನ ಕೆಲವು ಕ್ಯಾಮೆರಾಗಳ ಮೆನುವಿನಲ್ಲಿ ಸೆನ್ಸ್-ಅಪ್ ಅಂತ ಇರುತ್ತಿತ್ತು. ಪಿಎಎಲ್ ಎಂಬ ಹಳೆ ಟಿವಿ ಪದ್ಧತಿಯ ವಿಡಿಯೊ ಅಂದರೆ ಸೆಕೆಂಡಿಗೆ 50 ಫೀಲ್ಡು, ಅಂದರೆ ಅರ್ಧರ್ಧ ಚಿತ್ರ. ಸೆನ್ಸ್-ಅಪ್ಪನ್ನು 512ಕ್ಕೆ ಇಟ್ಟರೆ ಅಷ್ಟು ಫೀಲ್ಡಿನ ಬೆಳಕು ಒಂದೇ ಚಿತ್ರಕ್ಕೆ ಸೇರುತ್ತದೆ, ಅಂದರೆ 10.24 ಸೆಕೆಂಡಿನ ಎಕ್ಸ್‌ಪೋಶರ್. ಟಿವಿಗೆ ವೈರು ಚುಚ್ಚಿಕೊಂಡು ನೀಹಾರಿಕೆ, ಅಂದರೆ ಆಕಾಶದ ಅನಿಲದ ಮೋಡ, ನೋಡಿದವರಿದ್ದಾರೆ. ಫಿಲಿಪ್ಸ್ ವೆಬ್‌ಕ್ಯಾಮ್ ಬಿಚ್ಚಿ, ಒಂದೆರಡು ಕಾಲು ಎತ್ತಿ ಬೆಸುಗೆ ಹಾಕಿ ಅದನ್ನು ಲಾಂಗ್ ಎಕ್ಸ್‌ಪೋಶರ್ ಕ್ಯಾಮೆರಾ ಮಾಡುವ ವಿದ್ಯೆಯನ್ನು ಇಂಗ್ಲೆಂಡಿನ ಸ್ಟೀವ್ ಚೇಂಬರ್ಸ್ ಹಂಚಿದರು. ನಾನು ಈ ಹುಚ್ಚಿಗೆ ಬರುವ ಹೊತ್ತಿಗೆ ಅದೆಲ್ಲ ಮುಗಿದಿತ್ತು. ಆದರೂ ಬೆಸುಗೆ ಕಡ್ಡಿ ಹಿಡಿದವರ ಮೇಲೆ ನನಗೆ ಒಂದು ಕೈ ಜಾಸ್ತಿ ಗೌರವ.

ಇನ್ನು ಲೆನ್ಸು. ನನ್ನ ಹತ್ತಿರ ಇರುವುದು ಮೂರು. ಕಸುಬಿನಿಂದ ಬಂದ 16 ಎಂಎಂನ ಸಿ-ಮೌಂಟ್ ಸಿಸಿಟಿವಿ ಲೆನ್ಸು ಒಂದು. ಮುಚ್ಚಿಹೋದ ಒಂದು ಫೋಟೊ ಸ್ಟುಡಿಯೊದವರು ಕೊಟ್ಟ 50 ಎಂಎಂ, ಮತ್ತು ಅದೇ ಪೆಟ್ಟಿಗೆಯಲ್ಲಿದ್ದ ಸ್ಕ್ರೂ ಮೌಂಟಿನ 135 ಎಂಎಂ, f/3.5. f ಮುಂದಿನ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ದೊಡ್ಡದು. ಫಿಲ್ಮ್ ಕಾಲದ ಲೆನ್ಸುಗಳನ್ನು 36 ಎಂಎಂ ಅಗಲದ ಫಿಲ್ಮ್ ಫ್ರೇಮು ತುಂಬಲೆಂದು ಮಾಡಿದ್ದು. ನನ್ನ ಸೆನ್ಸರಿನ ಅಗಲ ಆರು ಎಂಎಂ ಕೂಡ ಇಲ್ಲ. ಹಾಗಾಗಿ ಲೆನ್ಸಿನ ನಟ್ಟನಡುವಿನ ಒಳ್ಳೆಯ ಭಾಗ ಮಾತ್ರ ಉಪಯೋಗಕ್ಕೆ ಬರುತ್ತದೆ. ಮೂಲೆಯ ನಕ್ಷತ್ರಕ್ಕೆ ರೆಕ್ಕೆ ಬರುವ ಕಾಯಿಲೆ ಕಾಣುವುದೇ ಇಲ್ಲ. ಸಿಸಿಟಿವಿ ಲೆನ್ಸಿನಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ. ಪೂರ್ತಿ ತೆರೆದರೆ ಅಂಚಿನ ನಕ್ಷತ್ರವೆಲ್ಲ ಪುಟ್ಟ ಧೂಮಕೇತು. ಬಾಯನ್ನು ಎರಡು ಸ್ಟಾಪ್ (ಎರಡು ಹಂತ) ಕಿರಿದು ಮಾಡಿದರೆ ಸುಧಾರಿಸುತ್ತದೆ.

ಐಆರ್ ಕಟ್ ಫಿಲ್ಟರ್ ಮರೆಯಬೇಡಿ. ಸಂಜೆ ಕತ್ತಲಾಗುವಾಗ ನಿಮ್ಮ ಮನೆ ಕ್ಯಾಮೆರಾದಿಂದ "ಟಿಕ್" ಅಂತ ಸದ್ದು ಬರುತ್ತದಲ್ಲ, ಅದು ಈ ಫಿಲ್ಟರ್ ಪಕ್ಕಕ್ಕೆ ಸರಿಯುವ ಸದ್ದು. ಖಗೋಳ ಕ್ಯಾಮೆರಾದಲ್ಲಿ ಎಷ್ಟೋ ಸಲ ಆ ಫಿಲ್ಟರ್ ಇರುವುದೇ ಇಲ್ಲ. ಸಾಧಾರಣ ಲೆನ್ಸು ಐಆರ್ ಬೆಳಕನ್ನು ಬೇರೆ ಜಾಗದಲ್ಲಿ ಫೋಕಸ್ ಮಾಡುತ್ತದೆ, ನಕ್ಷತ್ರ ಊದಿಕೊಳ್ಳುತ್ತದೆ. ಹೊರಗಿನಿಂದ ಒಂದು ಹಾಕಿಕೊಳ್ಳಬೇಕು. ಅದು 656 ನ್ಯಾನೊಮೀಟರಿನ ಕೆಂಪನ್ನು ಪೂರ್ತಿ ಬಿಡುವಂಥದ್ದಾಗಿರಲಿ. ನೀಹಾರಿಕೆಗಳ ಹೈಡ್ರೋಜನ್ ಹೊಳೆಯುವುದು ಅಲ್ಲೇ.

ಲೆಕ್ಕ ಒಂದೇ ಒಂದು ಕಲಿತರೆ ಸಾಕು. ಪಿಕ್ಸೆಲ್ಲಿನ ಮೈಕ್ರಾನ್ ಅಳತೆಯನ್ನು 206ರಿಂದ ಗುಣಿಸಿ, ಲೆನ್ಸಿನ ಎಂಎಂನಿಂದ ಭಾಗಿಸಿ. ಒಂದು ಪಿಕ್ಸೆಲ್ ಆಕಾಶದಲ್ಲಿ ಎಷ್ಟು ಆರ್ಕ್‌ಸೆಕೆಂಡ್ ನೋಡುತ್ತದೆ ಅಂತ ಗೊತ್ತಾಗುತ್ತದೆ. ಐಎಂಎಕ್ಸ್ 290 ಸೆನ್ಸರಿನ ಪಿಕ್ಸೆಲ್ 2.9 ಮೈಕ್ರಾನ್. 50 ಎಂಎಂ ಲೆನ್ಸಿಗೆ 12 ಬರುತ್ತದೆ, 135ಕ್ಕೆ 4.4. ಭೂಮಿ ತಿರುಗುವುದರಿಂದ ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಸರಿಯುತ್ತದೆ. ಅಂದರೆ 50 ಎಂಎಂ ಹಾಕಿ ಟ್ರೈಪಾಡ್ ಮೇಲೆ ಸುಮ್ನೆ ಇಟ್ಟು 1 ಸೆಕೆಂಡ್ ತೆಗೆದರೆ ನಕ್ಷತ್ರ ಒಂದು ಪಿಕ್ಸೆಲ್ಲಿಗಿಂತ ಚೂರು ಜಾಸ್ತಿ ಎಳೆದಿರುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಅಂಥ ಸಾವಿರಾರು ಒಂದೊಂದು ಸೆಕೆಂಡನ್ನು ಶಾರ್ಪ್‌ಕ್ಯಾಪ್ ಥರದ ಸಾಫ್ಟ್‌ವೇರ್ ನಕ್ಷತ್ರಕ್ಕೆ ನಕ್ಷತ್ರ ಕೂರಿಸಿ ಒಟ್ಟು ಮಾಡುತ್ತದೆ. ವಿಡಿಯೊ ಕ್ಯಾಮೆರಾದ ಮಜಾ ಇರುವುದೇ ಇಲ್ಲಿ.

ನೂರು ಫ್ರೇಮ್ ಸೇರಿದರೆ ನಾಯ್ಸು, ಅಂದರೆ ಆ ಮಿಣಮಿಣ ಗಲೀಜು, ನೂರು ಪಟ್ಟು ಕಡಿಮೆ ಆಗುವುದಿಲ್ಲ, ಹತ್ತು ಪಟ್ಟು ಅಷ್ಟೇ. ವರ್ಗಮೂಲದ ಲೆಕ್ಕ. ಮೊದಲ ಹತ್ತು ನಿಮಿಷದಲ್ಲಿ ಚಿತ್ರ ಓಡೋಡಿ ಬರುತ್ತದೆ, ಆಮೇಲಿನ ಒಂದು ಗಂಟೆ ಕುಂಟುತ್ತದೆ. ಯಾವಾಗ ಎದ್ದು ಮಲಗಬೇಕು ಅನ್ನುವುದು ಈ ಲೆಕ್ಕದಲ್ಲೇ ಇದೆ.

135ಕ್ಕೆ ಟ್ರೈಪಾಡ್ ಸಾಲದು. ಅದಕ್ಕೆ ಆಕಾಶದ ಜೊತೆಜೊತೆಗೆ ಕ್ಯಾಮೆರಾವನ್ನು ತಿರುಗಿಸುವ ಬಾರ್ನ್ ಡೋರ್ ಟ್ರ್ಯಾಕರ್ ಮಾಡಿಕೊಂಡಿದ್ದೇನೆ. ಸ್ಕಾಟ್ಲೆಂಡಿನ ಜಾರ್ಜ್ ಹೇಗ್ 1970ರ ದಶಕದಲ್ಲಿ ತಿಳಿಸಿದ ಉಪಾಯ. ಎರಡು ಹಲಗೆ, ಬಾಗಿಲ ಕೀಲು, ಒಂದು 6 ಎಂಎಂ ಬೋಲ್ಟು. ಬೋಲ್ಟಿನ ಒಂದು ಸುತ್ತಿಗೆ 1 ಎಂಎಂ ಏರಿಕೆ. ನಿಮಿಷಕ್ಕೊಂದು ಸುತ್ತು ತಿರುಗಿದರೆ ಹಲಗೆ ಆಕಾಶದ ವೇಗದಲ್ಲೇ ತೆರೆದುಕೊಳ್ಳಬೇಕು. ಹಾಗಾಗಬೇಕಾದರೆ ಕೀಲಿನಿಂದ ಬೋಲ್ಟಿಗೆ 228.6 ಎಂಎಂ ದೂರ ಇರಬೇಕು. ನಮ್ಮ ಬಡಗಿ ಇದನ್ನು ಕೇಳಿ, "ಅಣ್ಣಾ, 9 ಇಂಚು ಅಂತ ಹೇಳಬಾರದಾ" ಅಂದ. ನೋಡಿದರೆ ಹೌದು, ಸರಿಯಾಗಿ 9 ಇಂಚು!

ಕೀಲಿನ ಗೆರೆ ಧ್ರುವ ನಕ್ಷತ್ರದ ಕಡೆಗೆ ನೋಡಬೇಕು. ಕಷ್ಟ ಬರುವುದು ಇಲ್ಲಿ. ಯೂರೋಪಿನವರ ಫೋಟೊಗಳಲ್ಲಿ ಈ ಹಲಗೆ ಎದೆ ಸೆಟೆಸಿ ನಿಂತಿರುತ್ತದೆ, ಅಲ್ಲಿ ಧ್ರುವ 50 ಡಿಗ್ರಿ ಮೇಲಿದೆ. ತಿಪಟೂರಿನಲ್ಲಿ ಅದು ಇರುವುದು 13 ಡಿಗ್ರಿ ಎತ್ತರದಲ್ಲಿ. ಅಷ್ಟು ತಗ್ಗಿನಲ್ಲಿ ನಮಗೆ ಕಾಣುವುದು ತೆಂಗಿನ ಗರಿ. ಉತ್ತರ ದಿಕ್ಕಿಗೆ ತೋಟ ಇಲ್ಲದ ಜಾಗ ಹುಡುಕುವುದಕ್ಕೆ ನಮ್ಮ ತಾಲ್ಲೂಕಿನಲ್ಲಿ ಎಷ್ಟು ಓಡಾಡಬೇಕು ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಕೊನೆಗೆ ಒಬ್ಬ ಗಿರಾಕಿಯ ಪಂಪ್ ಹೌಸಿನ ತಾರಸಿ ಸಿಕ್ಕಿತು. ಉತ್ತರಕ್ಕೆ ಕೆರೆ, ಅಡ್ಡ ಏನೂ ಇಲ್ಲ. ಕರೆಂಟಿಗೆ ಕಾಯಬೇಕಿಲ್ಲ, 12 ವೋಲ್ಟಿನ ಯುಪಿಎಸ್ ಬ್ಯಾಟರಿ ನನ್ನ ಬ್ಯಾಗಿನಲ್ಲಿ ಯಾವಾಗಲೂ ಇರುತ್ತದೆ. ಅದರಿಂದಲೇ ಕ್ಯಾಮೆರಾ, ಅದರಿಂದಲೇ ಲೆನ್ಸಿನ ಸುತ್ತ ಕಟ್ಟಿದ ರೆಸಿಸ್ಟರ್ ಪಟ್ಟಿ. ಕೆರೆ ಪಕ್ಕದಲ್ಲಿ ಇಬ್ಬನಿ ಜಾಸ್ತಿ. ಪಟ್ಟಿ ಬೆಚ್ಚಗಿಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಗಾಜು ಮಂಜಾಗುತ್ತದೆ.

ಕಾರ್ತಿಕದ ಒಂದು ರಾತ್ರಿ ಅಲ್ಲಿ ಆಂಡ್ರೊಮಿಡಾ ಹಿಡಿಯುತ್ತಿದ್ದೆ. ಹತ್ತು ಹತ್ತು ಸೆಕೆಂಡಿನ ಫ್ರೇಮು. ಮೊದಲ ಫ್ರೇಮು ಬಂದಾಗ ಪರದೆಯ ಮೇಲೆ ಹಸಿರು ಮರಳು ಚೆಲ್ಲಿದಂತಿತ್ತು, ನಡುವೆ ಒಂದು ಉಗುರಿನಷ್ಟು ಬಿಳುಪು. ಏಳೆಂಟು ಸೇರುವಷ್ಟರಲ್ಲಿ ಬಿಳುಪಿನ ಸುತ್ತ ಓರೆಯಾದ ಒಂದು ಮೊಟ್ಟೆ ಮೂಡಿತು. ಆಗ ಕೆಳಗೆ ಟಾರ್ಚ್ ಹೊಳೆಯಿತು. ತ್ರೀ ಫೇಸ್ ಬಂದಿತ್ತು. ಪಕ್ಕದ ತೋಟದ ಯಜಮಾನರು ಮೋಟರ್ ಹಾಕಲು ಬಂದಿದ್ದರು.

"ಯಾರದು ಮ್ಯಾಲೆ?"

"ನಾನೇ ಯಜಮಾನ್ರೇ, ಕ್ಯಾಮೆರಾದವನು."

ಏಣಿ ಹತ್ತಿ ಬಂದರು. ಒಂದು ಗಳಿಗೆ ನೋಡಿದರು. "ಅಲ್ಲಪ್ಪಾ, ಕ್ಯಾಮೆರಾನ ಗೇಟಿಗಲ್ವಾ ಇಡೋದು? ಮ್ಯಾಕ್ಕೆ ತಿರುಗ್ಸಿದೀಯ. ಕಳ್ಳರು ಮ್ಯಾಲಿಂದ ಬತ್ತಾರಾ?"

ಟಾರ್ಚ್ ಆರಿಸಲು ಹೇಳಿ ಪಕ್ಕದಲ್ಲಿ ಕೂರಿಸಿಕೊಂಡೆ. ಅಷ್ಟರಲ್ಲಿ ಅರವತ್ತರ ಹತ್ತಿರ ಫ್ರೇಮ್ ಸೇರಿತ್ತು. ಮರಳು ಇಳಿದು ಹಿನ್ನೆಲೆ ಬೂದಿ ಬಣ್ಣಕ್ಕೆ ಬಂದಿತ್ತು. ಮೊಟ್ಟೆಯ ಒಂದು ಮಗ್ಗುಲಲ್ಲಿ ಕಪ್ಪು ಗೆರೆಯೊಂದು ಬಾಗಿ ಹೋಗುವುದು ಕಾಣುತ್ತಿತ್ತು, ಆ ಗೆಲಾಕ್ಸಿಯ ಧೂಳಿನ ಪಟ್ಟಿ. ಪಕ್ಕದಲ್ಲಿ ಅದರ ಮರಿ ಗೆಲಾಕ್ಸಿಗಳು ಎರಡು, ಎಂ32 ಮತ್ತು ಎಂ110.

"ಇದು ಮೋಡ ಅಲ್ವಾ?"

ಅಲ್ಲ, ನಮ್ಮ ಆಕಾಶಗಂಗೆಯ ಥರದ್ದೇ ಇನ್ನೊಂದು, ಅದರ ಬೆಳಕು ಹೊರಟು 25 ಲಕ್ಷ ವರ್ಷ ಆಯ್ತು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಹಂಗಾದ್ರೆ ಅದು ಈಗ ಅಲ್ಲೈತೋ ಇಲ್ವೋ?"

ಇದೆ, ಅಷ್ಟು ದೊಡ್ಡದು ಅಷ್ಟರಲ್ಲೇ ಎಲ್ಲೂ ಹೋಗಲ್ಲ, ಚೂರು ನಮ್ಮ ಹತ್ತಿರ ಬಂದಿರುತ್ತೆ ಅಂದೆ. "ಬರ್ಲಿ ಬಿಡು, ಜಾಗ ಐತೆ" ಅಂತ ಮೋಟರ್ ಹಾಕಲು ಇಳಿದು ಹೋದರು. ಸ್ಟಾರ್ಟರ್ ಒತ್ತಿದ ಕೂಡಲೇ ತಾರಸಿ ಅದುರಲು ಶುರು. ಆ ನಂತರದ ಫ್ರೇಮುಗಳನ್ನೆಲ್ಲ ತೆಗೆದುಹಾಕಬೇಕಾಯಿತು. ಆದರೆ ಅದು ಈಗ ಅಲ್ಲಿದೆಯೋ ಇಲ್ಲವೋ ಅಂತ ಕೇಳಿದವರು ಇವತ್ತಿಗೂ ಅವರೊಬ್ಬರೇ.

ಕಾಲದ ವಿಷಯಕ್ಕೆ ಬಂದರೆ, ನಮ್ಮ ಮಳೆ ಲೆಕ್ಕವೇ ಆಕಾಶದ ಕ್ಯಾಲೆಂಡರು. ಸೂರ್ಯ ಆರಿದ್ರೆಯ ಹತ್ತಿರ ಇರುವಾಗ ಸುರಿಯುವುದು ಆರಿದ್ರಾ ಮಳೆ. ಆಗ ಮಹಾವ್ಯಾಧ (ಒರಾಯನ್ ನಕ್ಷತ್ರಪುಂಜ) ಸೂರ್ಯನ ಜೊತೆಗೇ ಹುಟ್ಟಿ ಮುಳುಗುತ್ತಾನೆ, ಮೋಡ ಇಲ್ಲದಿದ್ದರೂ ಸಿಗುವುದಿಲ್ಲ. ಅದರಲ್ಲಿ ನಷ್ಟ ಇಲ್ಲ. ನಿಜವಾದ ನಷ್ಟ ಆಗುವುದು ಧನು ರಾಶಿಯದು. ಆಕಾಶಗಂಗೆಯ ಹೊಟ್ಟೆ, ಲಗೂನ್, ಟ್ರೈಫಿಡ್ ನೀಹಾರಿಕೆಗಳು ಎಲ್ಲ ಆ ದಿನಗಳಲ್ಲೇ ನಡುರಾತ್ರಿ ನೆತ್ತಿಯ ದಕ್ಷಿಣಕ್ಕೆ ಬರುತ್ತವೆ, ಮೇಲೆ ಮುಂಗಾರಿನ ಚಪ್ಪರ. ಅದಕ್ಕೇ ನಾವು ಮಾರ್ಚ್, ಏಪ್ರಿಲ್‌ನಲ್ಲಿ ಬೆಳಗಿನ ಜಾವ ಎದ್ದು ಕದಿಯಬೇಕು. ಆಗ ಸೆಕೆ. ಕೂಲಿಂಗ್ ಇಲ್ಲದ ಕ್ಯಾಮೆರಾದಲ್ಲಿ ಬಿಸಿ ಸುಮಾರು 6–7 ಡಿಗ್ರಿ ಏರಿದರೆ ಸೆನ್ಸರಿನ ಡಾರ್ಕ್ ಕರೆಂಟ್, ಅಂದರೆ ಬೆಳಕು ಬೀಳದಿದ್ದರೂ ಬಿಸಿಗೆ ಹುಟ್ಟುವ ಸುಳ್ಳು ಲೆಕ್ಕ, ದುಪ್ಪಟ್ಟಾಗುತ್ತದೆ. ಮುಚ್ಚಳ ಹಾಕಿ ಡಾರ್ಕ್ ಫ್ರೇಮ್ ತೆಗೆದು ಕಳೆಯುವುದನ್ನು ಚಳಿಗಾಲದಲ್ಲಿ ತಪ್ಪಿಸಿದರೂ ನಡೆಯುತ್ತದೆ, ಬೇಸಿಗೆಯಲ್ಲಿ ನಡೆಯುವುದಿಲ್ಲ.

ಆದರೆ ಧ್ರುವ ತಗ್ಗಿನಲ್ಲಿರುವುದರ ಲಾಭವೂ ಉಂಟು. ಏಪ್ರಿಲ್, ಮೇ ತಿಂಗಳಲ್ಲಿ ದಕ್ಷಿಣಕ್ಕೆ ತಿರುಗಿದರೆ ಒಮೆಗಾ ಸೆಂಟಾರಿ 29 ಡಿಗ್ರಿ ಎತ್ತರಕ್ಕೆ ಬರುತ್ತದೆ. ಸುಮಾರು 17,000 ಜ್ಯೋತಿರ್ವರ್ಷ ದೂರದ ಗೋಳಗುಚ್ಛ (ಉಂಡೆ ಕಟ್ಟಿದ ನಕ್ಷತ್ರಗಳ ಗುಂಪು), ನಕ್ಷತ್ರಗಳ ಸಂಖ್ಯೆ ಕೋಟಿಯ ಲೆಕ್ಕ. ಲಂಡನ್ನಿನವರಿಗೆ ಅದು ಹುಟ್ಟುವುದೇ ಇಲ್ಲ. ಅಲ್ಲಿಯ ದುಬಾರಿ ಸಲಕರಣೆ ನೋಡಿ ಹೊಟ್ಟೆ ಉರಿದಾಗಲೆಲ್ಲ ನಾನು ಇದನ್ನು ನೆನೆಯುತ್ತೇನೆ.

ಊರೊಳಗೆ ತೆಗೆಯುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಹಳದಿ ಸೋಡಿಯಂ ದೀಪಕ್ಕೆ ಒಂದು ಗುಣವಿತ್ತು. ಅದರ ಬೆಳಕಿನ ಬಹುಪಾಲು 589 ನ್ಯಾನೊಮೀಟರಿನ ಆಸುಪಾಸಿನಲ್ಲೇ ಇರುತ್ತಿತ್ತು, ಫಿಲ್ಟರಿನಿಂದ ತಡೆಯಬಹುದಿತ್ತು. ಬಿಳಿ ಎಲ್‌ಇಡಿ ಎಲ್ಲ ಬಣ್ಣದಲ್ಲೂ ಚೆಲ್ಲುತ್ತದೆ. ನೀಹಾರಿಕೆಗಾದರೆ 656 (ಹೈಡ್ರೋಜನ್) ಮತ್ತು 501 (ಆಮ್ಲಜನಕ) ಎರಡನ್ನೇ ಬಿಡುವ ಡ್ಯುಯಲ್ ಬ್ಯಾಂಡ್ ಫಿಲ್ಟರ್ ಹಾಕಿ ಬಚಾವಾಗಬಹುದು. ಗೆಲಾಕ್ಸಿಗೆ ಯಾವ ಫಿಲ್ಟರೂ ಕೈ ಹಿಡಿಯುವುದಿಲ್ಲ. ನಕ್ಷತ್ರಗಳ ಬೆಳಕೂ ಎಲ್ಲ ಬಣ್ಣದ್ದೇ ಅಲ್ವಾ.

ಚಿಕ್ಕ ಲೆನ್ಸು ಬಡವರ ಪಾಡು ಅನ್ನುವವರಿಗೆ ನಾನು ಬಾರ್ನಾರ್ಡ್ ಕಥೆ ಹೇಳುತ್ತೇನೆ. ಎಡ್ವರ್ಡ್ ಎಮರ್ಸನ್ ಬಾರ್ನಾರ್ಡ್, ಅಮೆರಿಕದ ನ್ಯಾಶ್‌ವಿಲ್‌ನ ಬಡ ಮನೆಯ ಹುಡುಗ, ಚಿಕ್ಕಂದಿನಲ್ಲೇ ಫೋಟೊ ಸ್ಟುಡಿಯೊದಲ್ಲಿ ಕೆಲಸಕ್ಕೆ ಸೇರಿದವರು. ಮುಂದೆ ಕ್ಯಾಲಿಫೋರ್ನಿಯದ ಲಿಕ್ ವೀಕ್ಷಣಾಲಯಕ್ಕೆ ಹೋದರು. ಅಲ್ಲಿದ್ದದ್ದು 36 ಇಂಚಿನ, ಆಗ ಜಗತ್ತಿನಲ್ಲೇ ದೊಡ್ಡ ಲೆನ್ಸ್ ದೂರದರ್ಶಕ. 1892ರಲ್ಲಿ ಅದರಿಂದ ಗುರುವಿನ ಐದನೇ ಚಂದ್ರನನ್ನು ಕಂಡುಹಿಡಿದರು. ಅದೇ ವರ್ಷ ಸ್ಟುಡಿಯೊಗಳಲ್ಲಿ ಮುಖ ತೆಗೆಯುವ 6 ಇಂಚಿನ ಪೋರ್ಟ್ರೇಟ್ ಲೆನ್ಸಿನ ಫೋಟೊದಲ್ಲಿ ಒಂದು ಧೂಮಕೇತು ಸಿಕ್ಕಿತು. ಫೋಟೊದಿಂದ ಪತ್ತೆಯಾದ ಮೊದಲ ಧೂಮಕೇತು ಅದು. 1894ರಲ್ಲಿ ಗೋಡೆಗೆ ಚಿತ್ರ ಬಿಡುವ ಮ್ಯಾಜಿಕ್ ಲ್ಯಾಂಟರ್ನಿನ ಒಂದೂವರೆ ಇಂಚಿನ ಅಗ್ಗದ ಲೆನ್ಸು ಹಾಕಿ ಮಹಾವ್ಯಾಧನನ್ನು ತೆಗೆದಾಗ ಅವನನ್ನು ಬಳಸಿ ನಿಂತ ನೀಹಾರಿಕೆಯ ದೊಡ್ಡ ಕಮಾನು ಮೂಡಿತು. ನ್ಯಾಯವಾಗಿ ಹೇಳಬೇಕೆಂದರೆ ಅಮೆರಿಕದ ಇನ್ನೊಬ್ಬ ಖಗೋಳ ವಿಜ್ಞಾನಿ ವಿಲಿಯಂ ಪಿಕರಿಂಗ್ ಅದನ್ನು 1889ರಲ್ಲೇ ಪೋರ್ಟ್ರೇಟ್ ಲೆನ್ಸಿನಲ್ಲಿ ಹಿಡಿದಿದ್ದರು. ಹೆಸರು ಮಾತ್ರ ಬಾರ್ನಾರ್ಡ್ ಲೂಪ್ ಅಂತ ಉಳಿಯಿತು. 36 ಇಂಚಿನ ದೂರದರ್ಶಕಕ್ಕೆ ಆ ಕಮಾನು ಯಾವತ್ತೂ ಒಟ್ಟಾಗಿ ಕಾಣುತ್ತಿರಲಿಲ್ಲ, ಅದು ಅಷ್ಟು ಅಗಲ.

ಈಗಿನ ಉದಾಹರಣೆ ಬೇಕಾದರೆ ಡ್ರ್ಯಾಗನ್‌ಫ್ಲೈ ಇದೆ. ಪೀಟರ್ ವಾನ್ ಡಾಕ್ಕಮ್ ಮತ್ತು ರಾಬರ್ಟೊ ಅಬ್ರಹಾಂ ಎಂಬ ಇಬ್ಬರು ಖಗೋಳ ವಿಜ್ಞಾನಿಗಳು ಕ್ಯಾನನ್ ಕಂಪನಿಯ 400 ಎಂಎಂ ಲೆನ್ಸುಗಳನ್ನು ಒಟ್ಟಿಗೆ ಕಟ್ಟಿ ನ್ಯೂ ಮೆಕ್ಸಿಕೊದಲ್ಲಿ ಇಟ್ಟರು. ಕ್ರಿಕೆಟ್ ಮ್ಯಾಚಿನಲ್ಲಿ ಬೌಂಡರಿ ಗೆರೆಯಾಚೆ ಫೋಟೊಗ್ರಾಫರ್‌ಗಳು ಹಿಡಿದಿರುತ್ತಾರಲ್ಲ, ಅಂಥವೇ. ಒಳಗೆ ಕನ್ನಡಿ ಇಲ್ಲ, ಬೆಳಕು ಚದುರುವುದು ಕಡಿಮೆ, ತೀರಾ ಮಸುಕಾದದ್ದೂ ಉಳಿಯುತ್ತದೆ. 2015ರಲ್ಲಿ ಕೋಮಾ ಎಂಬ ಗೆಲಾಕ್ಸಿಗಳ ಗುಚ್ಛದಲ್ಲಿ 47 ಅತಿ ಮಸುಕಿನ ಗೆಲಾಕ್ಸಿಗಳನ್ನು ತೋರಿಸಿದ್ದು ಈ ಲೆನ್ಸುಗಳೇ.

ಈ ಚಳಿಗಾಲಕ್ಕೆ ನಾನು ಇಟ್ಟುಕೊಂಡಿರುವುದು ಬಾರ್ನಾರ್ಡ್ ಲೂಪನ್ನೇ. 16 ಎಂಎಂ ಸಿಸಿಟಿವಿ ಲೆನ್ಸಿನಲ್ಲಿ 20 ಡಿಗ್ರಿ ಅಗಲ ಸಿಗುತ್ತದೆ, ಕಮಾನು ಆರಾಮಾಗಿ ಹಿಡಿಸುತ್ತದೆ. ತೊಡಕು ಎರಡು. ಬಣ್ಣದ ಸೆನ್ಸರಿನಲ್ಲಿ ಹೈಡ್ರೋಜನ್ ಕೆಂಪು ಮುಖ್ಯವಾಗಿ ನಾಲ್ಕು ಪಿಕ್ಸೆಲ್ಲಿಗೆ ಒಂದರಲ್ಲಿ ಬೀಳುವುದು, ಹಾಗಾಗಿ ಹೊತ್ತು ಜಾಸ್ತಿ ಕೂರಬೇಕು. ಎರಡನೆಯದು ಫಿಲ್ಟರಿನದು. f/1.4ಕ್ಕೆ ತೆರೆದ ಲೆನ್ಸಿನ ಹಿಂದೆ ಒಂದು ಕಿರಿದಾದ ಬಣ್ಣವನ್ನಷ್ಟೇ ಬಿಡುವ ನ್ಯಾರೋಬ್ಯಾಂಡ್ ಫಿಲ್ಟರ್ ಇಟ್ಟರೆ ಅಂಚಿನ ಕಿರಣಗಳು ತೀರಾ ಓರೆಯಾಗಿ ಬೀಳುತ್ತವೆ, ಫಿಲ್ಟರ್ ಬಿಡುವ ಬಣ್ಣ ನೀಲಿಯ ಕಡೆಗೆ ಸರಿದು 656 ಹೊರಗೆ ಉಳಿಯುತ್ತದೆ. f/2.8 ಅಥವಾ ಇನ್ನೂ ಚಿಕ್ಕ ಬಾಯಿಗೆ ಇಳಿಸಲೇಬೇಕು. ಆ ಲೆನ್ಸಿನ ಬಾಯಿ ಹಿಗ್ಗಿಸುವ, ಕುಗ್ಗಿಸುವ ಐರಿಸ್ ರಿಂಗು ಸಡಿಲ, ಕೈ ತಾಗಿದರೆ ತಿರುಗುತ್ತದೆ. ಸ್ವಾತಿ ಮಳೆ ಮುಗಿಯುವುದರೊಳಗೆ ಅದಕ್ಕೊಂದು ಪುಟ್ಟ ಲಾಕಿಂಗ್ ಸ್ಕ್ರೂ ಹುಡುಕಬೇಕು.